ಒಂದೇ ಚಿತ್ರದ ಡಬಲ್ ಆಕ್ಟಿಂಗ್

ರಾತ್ರಿ ಊಟ ಆದಮೇಲೆ ಅಮ್ಮನೂ ನಾನೂ ಹಳೇ ಬ್ರಿಟಿಷ್ ಪತ್ತೇದಾರಿ ಸಿನಿಮಾ ನೋಡುವ ಚಟಕ್ಕೆ ಬಿದ್ದಿದ್ದೇವೆ. ಎಲ್ಲ ಕಪ್ಪು-ಬಿಳುಪಿನವು. ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಕೊಲೆಗಾರ ಯಾರು ಅಂತ ನನಗಿಂತ ಮೊದಲೇ ಹೇಳಿಬಿಡುತ್ತಾರೆ. “ಟೋಪಿ ತೆಗೆಯದೇ ಒಳಗೆ ಬಂದನಲ್ಲ, ಅವನೇ.”

ಇವುಗಳಲ್ಲಿ ನನಗೆ ಜಾಸ್ತಿ ಇಷ್ಟ, ಅಸಲಿ ಪೇಂಟಿಂಗ್ ಕದ್ದು ಅದರ ಜಾಗದಲ್ಲಿ ನಕಲಿ ನೇತುಹಾಕುವ ಕಥೆಗಳು. ಕೈಯಲ್ಲಿ ಕಾಸಿಲ್ಲದ ನಿರ್ಮಾಪಕನಿಗೆ ಇದಕ್ಕಿಂತ ಒಳ್ಳೇ ಕಥೆ ಎಲ್ಲಿ ಸಿಗಬೇಕು? ಬ್ಯಾಂಕ್ ದರೋಡೆ ಅಂದರೆ ಕಾರು ಓಡಿಸಬೇಕು, ಗಾಜು ಒಡೆಯಬೇಕು. ಇದಕ್ಕಾದರೆ ಒಂದು ಗೋಡೆ, ಒಂದು ಮೊಳೆ, ಒಂದು ಫ್ರೇಮು. ನನ್ನ ಗುಮಾನಿ ಏನೆಂದರೆ, ಎಷ್ಟೋ ಸಲ ಲಕ್ಷ ಪೌಂಡಿನ ಅಸಲಿಯ ಪಾತ್ರವನ್ನೂ ಮೂರು ಕಾಸಿನ ನಕಲಿಯ ಪಾತ್ರವನ್ನೂ ಮಾಡುವುದು ಒಂದೇ ಕ್ಯಾನ್ವಾಸು. ಡಬಲ್ ಆಕ್ಟಿಂಗ್! ನಮ್ಮ ಹೀರೋಗಳಿಗಾದರೆ ಒಂದು ಪಾತ್ರಕ್ಕೆ ಮೀಸೆ ಅಂಟಿಸುತ್ತಾರೆ, ಕೆನ್ನೆಗೊಂದು ಮಚ್ಚೆ ಇಡುತ್ತಾರೆ. ಈ ಪಾಪದ ಕ್ಯಾನ್ವಾಸಿಗೆ ಅದೂ ಇಲ್ಲ. ಎದುರಿಗೆ ನಿಂತ ನಟ ಉಸಿರು ಬಿಗಿಹಿಡಿದರೆ ಅಸಲಿ, ಹುಬ್ಬು ಗಂಟಿಕ್ಕಿದರೆ ನಕಲಿ. ತಜ್ಞರೊಬ್ಬರು ಭೂತಗನ್ನಡಿ ಹಿಡಿದು “ಆಹಾ, ಎಂಥಾ ನೀಲಿ!” ಅಂದರೆ ನಾವು ತಲೆದೂಗಬೇಕು. ತೆರೆಯ ಮೇಲೆ ಕಾಣುವುದು ಬೂದಿ ಬಣ್ಣ.

ಈ ಬಡತನಕ್ಕೆ ಒಂದು ಹಿನ್ನೆಲೆ ಇದೆ. ಹಾಲಿವುಡ್ ಹಾವಳಿ ತಡೆಯೋಣ ಅಂತ ಬ್ರಿಟನ್ 1927ರಲ್ಲಿ ಒಂದು ಕಾನೂನು ತಂದಿತು. ಸಿನಿಮಾ ಹಂಚುವವರೂ ತೋರಿಸುವವರೂ ಇಂತಿಷ್ಟು ಪಾಲು ಬ್ರಿಟಿಷ್ ಚಿತ್ರ ಇಟ್ಟುಕೊಳ್ಳಲೇಬೇಕು. ಸರಿ, ಲೆಕ್ಕ ತುಂಬಿಸಲು ಸಿನಿಮಾ ಸುತ್ತಿದರು. ಒಂದು ಅಡಿ ಫಿಲ್ಮಿಗೆ ಒಂದು ಪೌಂಡ್, ಬಟ್ಟೆ ಅಳೆದು ಮಾರಿದ ಹಾಗೆ. ಆರು ಸಾವಿರ ಅಡಿ ಅಂದರೆ ಒಂದು ಗಂಟೆ ಚಿಲ್ಲರೆ ಸಿನಿಮಾ. ಬೆಳಿಗ್ಗೆ ಥಿಯೇಟರಿನಲ್ಲಿ ಕಸ ಗುಡಿಸುವವರ ಎದುರು ಓಡಿಸಿ ಲೆಕ್ಕ ಮುಗಿಸುತ್ತಿದ್ದರು ಎಂಬ ಮಾತೂ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೂ, ದೊಡ್ಡ ಸಿನಿಮಾದ ಜೊತೆಗೆ ಕೊಸರಿನಂತೆ ಕೊಡುವ ಸಣ್ಣ ಸಿನಿಮಾಗಳಾಗಿ ಇವುಗಳ ತಮ್ಮಂದಿರು ಬದುಕಿದ್ದರು.

1953ರ ‘ದಿ ಫೇಕ್’ ಅಂಥದ್ದೊಂದು. ಲಂಡನ್ನಿನ ಟೇಟ್ ಗ್ಯಾಲರಿಗೆ ಲಿಯೊನಾರ್ಡೊ ಡಾ ವಿಂಚಿಯ ಚಿತ್ರ ಬರುತ್ತದೆ, ಕಾಯಲು ಅಮೆರಿಕದ ನಟ ಡೆನಿಸ್ ಓಕೀಫ್ ಬರುತ್ತಾನೆ. ಆಚೆಯೂ ಟಿಕೆಟ್ ಮಾರಬೇಕಲ್ವಾ, ಅದಕ್ಕೆ ಹೀರೋ ಅಮೆರಿಕದವನು. ನನಗೆ ನಗು ಬಂದದ್ದು ಗ್ಯಾಲರಿ ನೋಡಿ. ಟೇಟ್ ಇರುವುದೇ ಬ್ರಿಟಿಷ್ ಚಿತ್ರಗಳಿಗೆ, ಹೊಸ ಕಾಲದ ಕಲೆಗೆ. ಲಂಡನ್ನಿನ ನಿಜವಾದ ಲಿಯೊನಾರ್ಡೊ ಇರುವುದು ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯಲ್ಲಿ, ‘ಬಂಡೆಗಳ ನಡುವಿನ ಕನ್ಯೆ’. ಸ್ವಾರಸ್ಯ ನೋಡಿ, ಆ ಕನ್ಯೆಯದ್ದೂ ಡಬಲ್ ಆಕ್ಟಿಂಗೇ. ಅಂಥದ್ದೇ ಇನ್ನೊಂದು ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಎರಡೂ ಅಸಲಿ!

ಸಿನಿಮಾದ ನಕಲಿಗಾರ ಸಾಮಾನ್ಯವಾಗಿ ಅಟ್ಟದ ಮೇಲೆ ಕುಡಿಯುತ್ತಾ ಕೂತ ಮುದುಕ. ಇಂಟರ್ವಲ್ಲಿಗೆ ಮೊದಲೇ ಸಾಯುತ್ತಾನೆ. ನಿಜದ ನಕಲಿಗಾರನಿಗೆ ಅಷ್ಟು ಪುರುಸೊತ್ತು ಎಲ್ಲಿ? ಹಾಲೆಂಡಿನ ಹಾನ್ ವಾನ್ ಮೇಗರೆನ್ 17ನೇ ಶತಮಾನದ ಹಳೇ ಕ್ಯಾನ್ವಾಸು ಕೊಂಡು, ಮೇಲಿನ ಬಣ್ಣ ಕೆರೆದು, ಅದರ ಮೇಲೆ ಆ ಕಾಲದ ಡಚ್ ಚಿತ್ರಕಾರ ವರ್ಮೀರನ ಶೈಲಿಯಲ್ಲಿ ಬಿಡಿಸುತ್ತಿದ್ದ. ಎಣ್ಣೆ ಬಣ್ಣ ಪೂರ್ತಿ ಗಟ್ಟಿಯಾಗಲು ಹತ್ತಾರು ವರ್ಷ ಬೇಕು. ಅಷ್ಟು ದಿನ ಕಾಯುವವರು ಯಾರು? ಬಣ್ಣಕ್ಕೆ ಬೇಕಲೈಟ್ ಮಾಡುವ ರಸಾಯನ ಸೇರಿಸಿ ಒಲೆಯೊಳಗಿಟ್ಟು ಬೇಯಿಸಿದ. ಬೇಕಲೈಟ್ ಅಂದರೆ ಗೊತ್ತಲ್ಲ, ಹಳೇ ಮನೆಗಳ ಕರೀ ಸ್ವಿಚ್ಚು, ಟಕ್ ಅಂತ ಸದ್ದು ಮಾಡುತ್ತಿತ್ತಲ್ಲ, ಅದೇ. ಬೆಂದ ಕ್ಯಾನ್ವಾಸನ್ನು ಉರುಳೆಯ ಮೇಲೆ ಸುತ್ತಿ ಬಿರುಕು ಬಿಡಿಸಿ, ಬಿರುಕಿಗೆ ಶಾಯಿ ಹಚ್ಚಿದರೆ ಮುನ್ನೂರು ವರ್ಷದ ಕೊಳೆ ರೆಡಿ. ದೊಡ್ಡ ದೊಡ್ಡ ಪಂಡಿತರು ಕಣ್ಣೀರಿಟ್ಟು ಒಪ್ಪಿಕೊಂಡರು. ಒಂದು ಚಿತ್ರ ನಾಜಿ ನಾಯಕ ಗೋರಿಂಗ್ ಕೈ ಸೇರಿತು. 1945ರಲ್ಲಿ, ದೇಶದ ಆಸ್ತಿಯನ್ನು ಶತ್ರುವಿಗೆ ಮಾರಿದ ಅಂತ ಮೇಗರೆನ್‌ನನ್ನು ಹಿಡಿದರು. ತಲೆ ಉಳಿಯಬೇಕಾದರೆ “ಅಯ್ಯೋ, ಅದು ನಕಲಿ, ನಾನೇ ಮಾಡಿದ್ದು” ಅನ್ನಬೇಕಾಯಿತು. ಯಾರೂ ನಂಬಲಿಲ್ಲ! ಕೊನೆಗೆ ಕಾವಲಿನವರ ಎದುರೇ ಇನ್ನೊಂದು ಬಿಡಿಸಿ ತೋರಿಸಿದ. ಇಂಥ ಕಥೆಯನ್ನು ಅಡಿಗೊಂದು ಪೌಂಡಿನ ನಿರ್ಮಾಪಕನ ಮುಂದಿಟ್ಟರೆ, ಇದು ನಂಬೋ ಹಾಗಿಲ್ಲ ಅಂತ ವಾಪಸ್ ಕಳಿಸುತ್ತಿದ್ದ.

ಇಂಗ್ಲೆಂಡಿನವರೇ ಆದ ಟಾಮ್ ಕೀಟಿಂಗ್ ಮೇಲೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ. ತಮ್ಮ ನಕಲಿಗಳನ್ನು ಅವರು ‘ಸೆಕ್ಸ್‌ಟನ್ ಬ್ಲೇಕ್’ ಅಂತ ಕರೆಯುತ್ತಿದ್ದರು. ಲಂಡನ್ನಿನ ಕಾಕ್ನಿ ಜನರ ಪ್ರಾಸದ ಆಟ ಅದು: ‘ಫೇಕ್’ ಅನ್ನುವುದಕ್ಕೆ ‘ಬ್ಲೇಕ್’. ಬ್ಲೇಕ್ ಯಾರು? ಅಲ್ಲಿನ ಅಗ್ಗದ ಪುಸ್ತಕಗಳ ಪತ್ತೇದಾರ. ಕಳ್ಳಮಾಲಿಗೆ ಪತ್ತೇದಾರನ ಹೆಸರು! ಬಣ್ಣ ಹಚ್ಚುವ ಮೊದಲೇ ಕ್ಯಾನ್ವಾಸಿನ ಮೇಲೆ ಸೀಸದ ಬಿಳಿಯಲ್ಲಿ ಏನಾದರೂ ಗೀಚಿಡುತ್ತಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಮುಂದೆ ಯಾರಾದರೂ ಎಕ್ಸ್‌ರೇ ತೆಗೆದರೆ ಗುಟ್ಟು ಬಯಲಾಗಲಿ ಅಂತ.

ಮೊನ್ನೆ ನೋಡಿದ ಸಿನಿಮಾದಲ್ಲಿ ಕೊನೆಗೆ ಎರಡೂ ಚಿತ್ರಗಳನ್ನು ಅಕ್ಕಪಕ್ಕ ನಿಲ್ಲಿಸಿದರು. ಇನ್ಸ್‌ಪೆಕ್ಟರ್ ಗಂಟಲು ಸರಿಮಾಡಿಕೊಂಡ. ಅಮ್ಮ ಕನ್ನಡಕ ಏರಿಸಿ, ಮುಂದೆ ಬಗ್ಗಿ ನೋಡಿದರು.

“ಯಾವುದಮ್ಮಾ ಅಸಲಿ?” ಅಂದೆ.

“ಚಿತ್ರ ಎರಡೂ ಸುಮ್ನೆ,” ಅಂದರು. “ಎಡಗಡೆ ಫ್ರೇಮ್ ಮಾತ್ರ ಒಳ್ಳೇ ಮರದ್ದು.”