ಬೆಳಿಗ್ಗೆ ಮೇವು ಹಾಕುವ ಮೊದಲು ಮುಟ್ಟಿ ನೋಡಿ
ಹಿಕ್ಕೆ ನೋಡಿ ಕೋಳಿಯ ಹೊಟ್ಟೆ ಸರಿ ಇದೆಯಾ ಅಂತ ತಿಳಿಯಬಹುದು ಎಂದು ಬರೆದಿದ್ದೀರಿ, ನಿಜ. ಜೊತೆಗೆ ಕತ್ತಿನ ಬುಡದಲ್ಲಿರುವ ಕಾಳಿನ ಚೀಲವನ್ನೂ ಮುಟ್ಟಿ ನೋಡಬೇಕು. ಸಂಜೆ ಅದು ತುಂಬಿರುತ್ತದೆ, ಬೆಳಿಗ್ಗೆ ಖಾಲಿಯಾಗಿರಬೇಕು. ನಮ್ಮ ಕೆಂಪು ಹೇಂಟೆಗೆ ಒಂದು ದಿನ ಬೆಳಿಗ್ಗೆಯೂ ನಿಂಬೆಹಣ್ಣಿನಷ್ಟು ಗಟ್ಟಿ ಉಂಡೆ ಕೈಗೆ ಸಿಕ್ಕಿತು. ಒಳಗೆ ಉದ್ದನೆಯ ಹುಲ್ಲು, ತೆಂಗಿನ ನಾರು ಸುತ್ತಿಕೊಂಡಿತ್ತು. ಪಶುವೈದ್ಯರು ಸಣ್ಣದಾಗಿ ಕೊಯ್ದು ತೆಗೆದರು, ಬದುಕಿತು ಪಾಪ. ಚೀಲ ನೀರು ತುಂಬಿದ ಬಲೂನಿನ ಹಾಗೆ ಮೆತ್ತಗಿದ್ದು, ಬಾಯಿಂದ ಹುಳಿ ವಾಸನೆ ಬಂದರೆ ಅದು ಬೇರೆ ತೊಂದರೆ. ದಯವಿಟ್ಟು ತಲೆಕೆಳಗೆ ಹಿಡಿದು ಹಿಂಡಬೇಡಿ, ಆ ನೀರು ಶ್ವಾಸಕೋಶಕ್ಕೆ ಹೋಗಿ ಸಾಯಬಹುದು. ಆಗಾಗ ಅಂಟಂಟಾಗಿ, ಕಂದು ಬಣ್ಣಕ್ಕೆ, ಗಬ್ಬು ನಾರುವ ಹಿಕ್ಕೆ ಬಿದ್ದರೆ ಸುಮ್ನೆ ಹೆದರಬೇಡಿ, ಅದು ಸಹಜ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಮಾತ್ರ ಅದೇ ದಿನ ವೈದ್ಯರಿಗೆ ತೋರಿಸಿ.