ಮುಂದಿನ ದಿನಾಂಕಕ್ಕೂ ಪಟಾಕಿ

ನಮ್ಮ ದೇಶದ ಯಾವ ನಾಯಕನೂ ಇದುವರೆಗೆ ಕೋರ್ಟಿನಲ್ಲಿ ಸೋತಿಲ್ಲ. ನಂಬಿಕೆ ಬಾರದಿದ್ದರೆ ಅವರವರ ವಕ್ತಾರರನ್ನೇ ಕೇಳಿ. ಜಾಮೀನು ಸಿಕ್ಕಿತೋ, ‘ಸತ್ಯಕ್ಕೆ ಜಯ’. ಸಿಗಲಿಲ್ಲವೋ, ‘ನ್ಯಾಯಾಂಗದ ಮೇಲೆ ಸಂಪೂರ್ಣ ನಂಬಿಕೆ ಇದೆ’. ವಿಚಾರಣೆ ಎರಡು ವಾರ ಮುಂದೆ ಹೋದರೆ ಅದು ‘ಬಿಗ್ ರಿಲೀಫ್’. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅಂತ ಹಿರಿಯರು ಹೇಳಿದ್ದು ಮುಂದಿನ ದಿನಾಂಕ ಪಡೆದವರನ್ನು ನೋಡಿಯೇ ಇರಬೇಕು.

ಆದೇಶದ ಪ್ರತಿ ಕೈಗೆ ಬರುವುದು ಸಂಜೆಗೆ. ಪಟಾಕಿಗೆ ಅಷ್ಟು ತಾಳ್ಮೆ ಎಲ್ಲಿ? ‘ಹೈಕೋರ್ಟಿಗೇ ಹೋಗಿ’ ಎಂದು ಸುಪ್ರೀಂ ಕೋರ್ಟ್ ಅರ್ಜಿ ವಾಪಸ್ ಕಳಿಸಿದರೆ ಎದುರಾಳಿಗೆ ಕ್ಲೀನ್ ಚಿಟ್. ಕಾರಣ ಬರೆಯದೆ ವಿಶೇಷ ಮೇಲ್ಮನವಿ ವಜಾ ಮಾಡಿದರೆ ಕೆಳಗಿನ ತೀರ್ಪನ್ನು ಒಪ್ಪಿದಂತಲ್ಲ ಎಂದು ಅದೇ ನ್ಯಾಯಾಲಯ 2000ದಲ್ಲೇ ಹೇಳಿದೆ. ಹೇಳಿದರೇನು, ಫ್ಲೆಕ್ಸ್ ಬರೆಯುವವನಿಗೆ ಅದನ್ನು ತಿಳಿಸುವವರಾರು?

ಸುದ್ದಿವಾಹಿನಿಗಳದ್ದು ಇನ್ನೊಂದು ವರಸೆ. ನ್ಯಾಯಮೂರ್ತಿಗಳು ‘ಇದಕ್ಕೇನು ಹೇಳ್ತೀರಿ?’ ಎಂದು ವಕೀಲರನ್ನು ಕೇಳಿದರೂ ಸಾಕು, ‘ಹೈಕೋರ್ಟ್ ಛೀಮಾರಿ’! ಲಿಖಿತ ಆದೇಶದಲ್ಲಿ ಇರುವುದು ಇಷ್ಟೇ: ‘ವಕೀಲರು ಕಾಲಾವಕಾಶ ಕೋರಿದರು, ನೀಡಲಾಗಿದೆ.’

ಕೋರ್ಟು ಹೇಳದ್ದನ್ನು ಅದರ ಬಾಯಿಗೆ ತುರುಕಿದ ಪ್ರಕರಣಗಳಲ್ಲಿ 2019ರದ್ದು ಮೇಲ್ಪಂಕ್ತಿ. ರಫೇಲ್ ಯುದ್ಧವಿಮಾನ ಖರೀದಿ ತೀರ್ಪಿನ ಮರುಪರಿಶೀಲನೆಯಲ್ಲಿ ಕೆಲವು ದಾಖಲೆಗಳನ್ನು ನೋಡಬಹುದು ಎಂದಷ್ಟೇ ಸುಪ್ರೀಂ ಕೋರ್ಟ್ ಹೇಳಿತ್ತು. ‘ಚೌಕೀದಾರ್ ಚೋರ್’ (ಕಾವಲುಗಾರನೇ ಕಳ್ಳ, ಅಂದರೆ ಪ್ರಧಾನಿ ಮೋದಿ) ಎಂದು ಕೋರ್ಟೇ ಒಪ್ಪಿದೆ ಎಂದುಬಿಟ್ಟರು ಕಾಂಗ್ರೆಸ್ಸಿನ ರಾಹುಲ್ ಗಾಂಧಿ. ನ್ಯಾಯಾಂಗ ನಿಂದನೆಯ ನೋಟಿಸ್ ಬಂತು. ಮೊದಲು ಬರೀ ‘ವಿಷಾದ’. ಅದು ನಡೆಯದಾದಾಗ ಬೇಷರತ್ ಕ್ಷಮೆ. ಮುಂದೆ ಜಾಗ್ರತೆ ವಹಿಸಿ ಎಂದು ಪೀಠ ನವೆಂಬರ್‌ನಲ್ಲಿ ಪ್ರಕರಣ ಮುಗಿಸಿತು. ಆಗ ನಕ್ಕ ಪಕ್ಷದವರೂ ಪಾಠ ಕಲಿತರು ಅನ್ನಬೇಡಿ. ಅವರ ಗೋದಾಮಿನಲ್ಲೂ ಕ್ಲೀನ್ ಚಿಟ್‌ಗಳಿಗೆ ಬರವಿಲ್ಲ.

ಹೆದರಲು ಕಾರಣವಾದರೂ ಏನಿದೆ? 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಗರಿಷ್ಠ ದಂಡ 2,000 ರೂಪಾಯಿ. ಆರು ತಿಂಗಳ ಸಾದಾ ಸೆರೆಯೂ ಉಂಟು, ಆದರೆ ಮನಸಾರೆ ಕ್ಷಮೆ ಕೇಳಿದರೆ ಅದನ್ನು ಬಿಡಬಹುದು. ಹಾರ ತುರಾಯಿಯ ಬಿಲ್ಲೇ ಇದಕ್ಕಿಂತ ಹೆಚ್ಚು.

ಕ್ಷಮೆಗೂ ಅಳತೆಯಿದೆ ಎಂದು ತಿಳಿದದ್ದು 2024ರಲ್ಲಿ, ಪತಂಜಲಿ ಕಂಪನಿಯ ದಾರಿತಪ್ಪಿಸುವ ಔಷಧ ಜಾಹೀರಾತುಗಳ ಪ್ರಕರಣದಲ್ಲಿ. ಪತ್ರಿಕೆಯಲ್ಲಿ ಹಾಕಿಸಿದ ಕ್ಷಮಾಪಣೆ ನಿಮ್ಮ ಜಾಹೀರಾತಿನಷ್ಟೇ ದೊಡ್ಡದಿದೆಯೇ ಎಂದು ಸುಪ್ರೀಂ ಕೋರ್ಟ್ ಕೇಳಿತು; ದೊಡ್ಡದು ಮಾಡಿದ ಜೆರಾಕ್ಸ್ ಬೇಡ, ಪತ್ರಿಕೆಯಿಂದ ಕತ್ತರಿಸಿದ್ದನ್ನೇ ತನ್ನಿ ಎಂದಿತು. ಇದನ್ನು ವರದಿ ಮಾಡುವ ಕೆಲಸ ನಮ್ಮ ವಕ್ತಾರರ ಪಾಲಿಗೆ ಬಂದಿದ್ದರೆ ತಲೆಬರಹ ಸಿದ್ಧವಿತ್ತು: ‘ಕ್ಷಮಾಪಣೆಗೆ ಭಾರೀ ಮೆಚ್ಚುಗೆ, ಮೂಲ ಪ್ರತಿ ಕೇಳಿ ಪಡೆದ ಸುಪ್ರೀಂ ಕೋರ್ಟ್!’