ಮಾತಿಗೆ ಜೈಲು ಯಾಕೆ? ಪೊಲೀಸರು ತಪ್ಪಿದರೆ ಕೇಳುವವರು ಯಾರು?

ಊರಿಗೆ ಬಂದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ. "ದುಬೈಯಲ್ಲಿ ನೋಡಿ ಮಾರಾಯ್ರೆ, ಒಬ್ಬನೂ ಬಾಯಿ ಬಿಡುವುದಿಲ್ಲ, ಎಷ್ಟು ಶಾಂತಿ! ಇಲ್ಲಿಯೂ ನಾಲ್ಕು ಜನರನ್ನು ಒಳಗೆ ಹಾಕಿದರೆ ಎಲ್ಲ ಸರಿಯಾಗುತ್ತದೆ." ಮಂಗಳೂರು, ಉಡುಪಿ ಕಡೆ ಗಲ್ಫಿನಲ್ಲಿ ದುಡಿಯುವವರು ಇಲ್ಲದ ಬೀದಿ ಸಿಗುವುದು ಕಷ್ಟ. ಹಾಗಾಗಿ ಈ ಮಾತಿಗೆ ನಮ್ಮಲ್ಲಿ ತೂಕ ಜಾಸ್ತಿ. ನಾನೂ ಮೊದಲು ಅಲ್ಲೇ ದುಡಿದವನು, ಈಗ ಇಂಗ್ಲೆಂಡಿನಲ್ಲಿದ್ದೇನೆ. ಎರಡೂ ಕಡೆಯ ರೀತಿ ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ನೇರವಾಗಿ ಹೇಳುತ್ತೇನೆ: ಆ ಶಾಂತಿ ನಮಗೆ ಬೇಡ.

ದುಬೈಯಲ್ಲಿ ವಾಟ್ಸಾಪಿನಲ್ಲಿ ಒಬ್ಬನನ್ನು ಬೈದರೂ ಅದು ಕ್ರಿಮಿನಲ್ ಅಪರಾಧ. 2021ರ ಸೈಬರ್ ಕಾನೂನಿನಲ್ಲಿ ಜೈಲು, ದಂಡ ಎರಡೂ ಇವೆ. ನಾನಿದ್ದ ರೂಮಿನಲ್ಲಿ ಊರಿನವರೇ ಇದ್ದೆವು. ಸಂಬಳ ತಿಂಗಳುಗಟ್ಟಲೆ ಬಾಕಿ ಇದ್ದರೂ ಕಂಪನಿಯ ಹೆಸರು ಹಾಕಿ ಎಲ್ಲೂ ಒಂದು ಸಾಲು ಬರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಬರೆದ ಮೆಸೇಜನ್ನು ಕಳಿಸುವ ಮೊದಲೇ ಅಳಿಸಿಬಿಡುತ್ತಿದ್ದರು. ಹೊರಗಿನಿಂದ ನೋಡುವವರಿಗೆ ಅದು ಶಿಸ್ತಿನ ಹಾಗೆ ಕಾಣುತ್ತದೆ, ಆದರೆ ಒಳಗಿರುವುದು ಹೆದರಿಕೆ. ಮಾತಿನ ಹಕ್ಕನ್ನೂ ಕಾಯುವ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ ದುಬೈ ಇರುವ ಯುಎಇ ದೇಶ ಸೇರಿಲ್ಲ. ಭಾರತ 1979ರಲ್ಲೇ ಸೇರಿದೆ. ಒಪ್ಪಿ ಸೇರಿದ ಮೇಲೆ ನಾವು ಸೇರದವರನ್ನು ಮಾದರಿ ಮಾಡಿಕೊಳ್ಳುವುದು ಯಾವ ನ್ಯಾಯ?

ಇನ್ನು ನಮ್ಮ ಕಾನೂನು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ನಮ್ಮ ಮಂಗಳೂರಿನಲ್ಲೇ ಹೊರಬಂತು, ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಭಾರತೀಯ ದಂಡ ಸಂಹಿತೆ ಬಂದದ್ದು 1860ರಲ್ಲಿ, 17 ವರ್ಷ ಆದ ಮೇಲೆ. ಮಾನಹಾನಿಗೆ ಜೈಲು ಅಂತ ಬರೆದದ್ದು ಆಗ. 1870ರಲ್ಲಿ ರಾಜದ್ರೋಹದ 124ಎ ಸೇರಿಸಿದರು, 1927ರಲ್ಲಿ ಧಾರ್ಮಿಕ ಭಾವನೆ ಕೆರಳಿಸುವ ಮಾತಿನ 295ಎ. ಬ್ರಿಟಿಷರು ಬರೆದ ಈ ಕಲಮುಗಳಲ್ಲಿ ಎಷ್ಟನ್ನು ಅವರೇ ತಮ್ಮ ದೇಶದಲ್ಲಿ ಉಳಿಸಿಕೊಂಡಿದ್ದಾರೆ ನೋಡಿ. ಇಂಗ್ಲೆಂಡಿನಲ್ಲಿ ಧರ್ಮನಿಂದನೆಯ ಅಪರಾಧವನ್ನು 2008ರಲ್ಲಿ ತೆಗೆದರು. ರಾಜದ್ರೋಹದ ಮಾತು, ಕ್ರಿಮಿನಲ್ ಮಾನಹಾನಿ ಎರಡನ್ನೂ 2009ರ ಕಾಯ್ದೆಯಲ್ಲಿ ತೆಗೆದುಹಾಕಿದರು. ಈಗ ಇಂಗ್ಲೆಂಡಿನಲ್ಲಿ ನಿಮ್ಮ ಮಾನ ಹೋಯಿತು ಅಂತಾದರೆ ಸಿವಿಲ್ ಕೋರ್ಟಿಗೆ ಹೋಗಬೇಕು, ಗಂಭೀರ ಹಾನಿ ಆಗಿದೆ ಅಂತ ತೋರಿಸಬೇಕು. ಎದುರಿನವನು ಹೇಳಿದ್ದು ನಿಜ ಅಂತ ಸಾಬೀತು ಮಾಡಿದರೆ ಅಲ್ಲಿಗೆ ಕೇಸ್ ಮುಗಿಯಿತು. ನಮ್ಮಲ್ಲಿ ನಿಜ ಆಗಿದ್ದರೆ ಸಾಲದು, ಅದನ್ನು ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದು ಅಂತಲೂ ತೋರಿಸಬೇಕು.

ಶ್ರೀಲಂಕಾ ಕೂಡ ಕ್ರಿಮಿನಲ್ ಮಾನಹಾನಿಯನ್ನು 2002ರಲ್ಲೇ ರದ್ದು ಮಾಡಿದೆ, ಮಾಲ್ಡೀವ್ಸ್ 2018ರಲ್ಲಿ. ನಮ್ಮ ಸುಪ್ರೀಂ ಕೋರ್ಟು 2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಮಾನಹಾನಿಗೆ ಜೈಲು ಅನ್ನುವ ಕಲಮನ್ನು ಎತ್ತಿಹಿಡಿಯಿತು. ದಂಡ ಸಂಹಿತೆಯ ಬದಲಿಗೆ ಹೊಸ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬರುವಾಗ ಬಿಟ್ಟುಬಿಡುವ ಅವಕಾಶ ಇತ್ತು. ಬಿಡಲಿಲ್ಲ. ಮಾನಹಾನಿಯ ಕಲಮು 499 ಹೋಗಿ 356 ಆಯಿತು, ಶಿಕ್ಷೆಗೆ ಸಮುದಾಯ ಸೇವೆ ಅಂತ ಒಂದು ಹೊಸ ದಾರಿ ಸೇರಿತು, ಎರಡು ವರ್ಷದ ತನಕದ ಜೈಲು ಹಾಗೇ ಉಳಿಯಿತು.

ಎರಡು ವರ್ಷ ಜೈಲಿಗೆ ನಿಜವಾಗಿ ಯಾರು ಹೋಗುತ್ತಾರೆ ಅಂತ ಕೇಳುವವರಿದ್ದಾರೆ. ಜೈಲಿನ ತನಕ ಹೋಗಬೇಕಾಗಿಯೇ ಇಲ್ಲ. ನನ್ನ ಅಕ್ಕನ ಮಗ ಉಡುಪಿ ಜಿಲ್ಲೆಯ ಒಂದು ಸಣ್ಣ ಪೇಟೆಯಲ್ಲಿದ್ದಾನೆ. ಮನೆ ಎದುರಿನ ಚರಂಡಿಗೆ ಹೊಸದಾಗಿ ಹಾಕಿದ ಕಾಂಕ್ರೀಟು ಹಲಗೆ ಮೊದಲ ಮಳೆಗೇ ಬಿರುಕು ಬಿಟ್ಟಿತು. ಅವನು ಫೋಟೋ ತೆಗೆದು, "ಇದರಲ್ಲಿ ಸಿಮೆಂಟು ಎಷ್ಟು, ತಿಂದದ್ದು ಎಷ್ಟು?" ಅಂತ ಊರಿನ ಗುಂಪಿನಲ್ಲಿ ಹಾಕಿದ. ಮಾರನೇ ದಿನ ಠಾಣೆಯಿಂದ ಫೋನು, "ಒಮ್ಮೆ ಬಂದು ಹೋಗಿ, ಎಂತದೂ ಇಲ್ಲ." ಹೋದವನನ್ನು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರಿಸಿದರು, ಮೊಬೈಲು ತೆಗೆದು ಮೇಜಿನ ಮೇಲೆ ಇಟ್ಟುಕೊಂಡರು. ಅವನ ಅಪ್ಪ ಹೊರಗೆ ಮಳೆಯಲ್ಲಿ ಸ್ಕೂಟರಿನ ಹತ್ತಿರ ನಿಂತೇ ಇದ್ದರು. ಕತ್ತಲಾದ ಮೇಲೆ, ಇನ್ನು ಮುಂದೆ ಹೀಗೆ ಬರೆಯುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ಎಫ್‌ಐಆರ್ ಇಲ್ಲ, ನೋಟಿಸ್ ಇಲ್ಲ, ಯಾವ ಪುಸ್ತಕದಲ್ಲೂ ಅವನು ಅಲ್ಲಿಗೆ ಹೋದದ್ದರ ಗುರುತಿಲ್ಲ.

ಮಾನಹಾನಿ ಪೊಲೀಸರು ತಾವಾಗಿ ತನಿಖೆ ಮಾಡುವಂಥ ಅಪರಾಧವೇ ಅಲ್ಲ. ನೊಂದವನು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಆಮೇಲೆ ಚರಂಡಿ ಕೆಲಸದ ಗುತ್ತಿಗೆದಾರ ಅದನ್ನೂ ಕೊಟ್ಟ. ಸಮನ್ಸ್ ಬಂತು, ವಕಾಲತ್ತು ಹಾಕಬೇಕು, ಜಾಮೀನಿಗೆ ಪಹಣಿ ಇರುವ ಒಬ್ಬ ಜನ ಬೇಕು. ಪಹಣಿ ಕೊಡಲು ಬಂದ ನೆರೆಮನೆಯವರಿಗೂ ಒಂದು ದಿನದ ಕೆಲಸ ಹಾಳು. ಪ್ರತಿ ವಾಯಿದೆಗೆ ರಜೆ, ಕೋರ್ಟಿನ ಜಗಲಿಯಲ್ಲಿ ಹೆಸರು ಕೂಗುವ ತನಕ ನಿಲ್ಲುವುದು, ಕೂಗಿದ ಮೇಲೆ ಮುಂದಿನ ವಾಯಿದೆ ಬರೆದುಕೊಳ್ಳುವುದು. ಆ ಗುಂಪಿನಲ್ಲಿ ಈಗ ಚರಂಡಿ, ರಸ್ತೆ, ನೀರು ಅಂತ ಯಾರೂ ಬರೆಯುವುದಿಲ್ಲ. ಬೆಳಗ್ಗೆ ಶುಭೋದಯ, ರಾತ್ರಿ ಶುಭರಾತ್ರಿ, ಅಷ್ಟೇ. ಒಂದೇ ಒಂದು ಕೇಸಿನಿಂದ ಇಡೀ ಊರು ಬಾಯಿ ಮುಚ್ಚಿತು, ಚರಂಡಿಯ ಹಲಗೆ ಮಾತ್ರ ಹಾಗೇ ಬಿರುಕು ಬಿಟ್ಟುಕೊಂಡು ಬಿದ್ದಿದೆ. ನನಗೆ ಸಿಟ್ಟು ಬರುವುದು ಇದಕ್ಕೆ.

ಹಾಗಂತ ಎಲ್ಲ ಮಾತನ್ನೂ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಕರಾವಳಿಯಲ್ಲಿ ಹುಟ್ಟಿದವನು ಹಾಗೆ ಹೇಳಲಾರ. 2025ರ ಮೇ ತಿಂಗಳಲ್ಲಿ ದಕ್ಷಿಣ ಕನ್ನಡದಲ್ಲಿ ಒಂದರ ಹಿಂದೆ ಒಂದು ಕೊಲೆ ಆದಾಗ, ಸೇಡು ತೀರಿಸುತ್ತೇವೆ ಅನ್ನುವ ಪೋಸ್ಟುಗಳು ಸಾವಿರಾರು ಮೈಲಿ ದೂರದಲ್ಲಿದ್ದ ನನ್ನ ಮೊಬೈಲಿಗೂ ಬಂದವು. ಅಂಥ ಮಾತಿಗೆ ಕಾನೂನು ಬೇಕೇ ಬೇಕು. ಇಂಗ್ಲೆಂಡಿನಲ್ಲೂ 2024ರ ಜುಲೈ ಕೊನೆಯಲ್ಲಿ ಸೌತ್‌ಪೋರ್ಟ್ ಅನ್ನುವ ಊರಿನಲ್ಲಿ ಮೂವರು ಹುಡುಗಿಯರನ್ನು ಇರಿದು ಕೊಂದಾಗ, ಕೊಂದವನು ಯಾರು ಅಂತ ಸುಳ್ಳು ಸುದ್ದಿ ಹಬ್ಬಿಸಿದರು, ಮಾರನೇ ದಿನ ಅಲ್ಲಿನ ಮಸೀದಿಯ ಮೇಲೆ ಕಲ್ಲು ಬಿತ್ತು, ಆಮೇಲೆ ವಲಸೆ ಬಂದವರಿದ್ದ ಹೋಟೆಲಿಗೆ ಬೆಂಕಿ ಹಾಕಲು ನೋಡಿದರು. ಬೆಂಕಿ ಹಾಕಿ ಅಂತ ಬರೆದವರಿಗೆ ಕೆಲವೇ ವಾರಗಳಲ್ಲಿ ಶಿಕ್ಷೆ ಆಗತೊಡಗಿತು. ಅದು ಅತಿಯಾಯಿತು ಅಂತ ಅಲ್ಲಿ ಇವತ್ತಿಗೂ ವಾದ ನಡೆಯುತ್ತಿದೆ. ನನಗೆ ಅನಿಸುವುದು, ಬೆಂಕಿ ಹಚ್ಚಿ ಅನ್ನುವ ಮಾತು ಬೇರೆ, ಚರಂಡಿಯಲ್ಲಿ ದುಡ್ಡು ತಿಂದಿದ್ದಾರೆ ಅನ್ನುವ ಮಾತು ಬೇರೆ. ನಮ್ಮ ಠಾಣೆಗಳಲ್ಲಿ ಎರಡಕ್ಕೂ ಅದೇ ಬೆಂಚು. ಇದರಲ್ಲಿ ಮೊದಲನೆಯದನ್ನು ಬರೆದವನಿಗೆ ಹಿಂದೆ ಜನ ಇರುತ್ತಾರೆ, ಬಿಡಿಸಿಕೊಂಡು ಬರುತ್ತಾರೆ. ಎರಡನೆಯವನು ಒಬ್ಬನೇ ಸಿಕ್ಕಿಬೀಳುತ್ತಾನೆ.

ಇದೇ ಕಾರಣಕ್ಕೆ 2025ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಪಾಸಾದ ದ್ವೇಷ ಭಾಷಣ ತಡೆ ಮಸೂದೆಯ ಬಗ್ಗೆ ನನಗೆ ಅಳುಕಿದೆ. ಉದ್ದೇಶ ಒಳ್ಳೆಯದೇ. ಆದರೆ ಹಿಂಸೆಗೆ ಕರೆ ಕೊಡುವುದರ ಜೊತೆಗೆ ಅಸೌಹಾರ್ದ, ಕೆಟ್ಟ ಭಾವನೆ ಅಂತೆಲ್ಲ ಅಗಲವಾಗಿ ಬರೆದು, ಒಂದರಿಂದ ಏಳು ವರ್ಷ ಜೈಲು, ಜಾಮೀನು ಹಕ್ಕಾಗಿ ಸಿಗುವುದಿಲ್ಲ ಅಂತ ಇಟ್ಟರೆ, ಅದು ಯಾರ ಕೈಗೆ ಸಿಕ್ಕಿದರೆ ಯಾರ ಮೇಲೆ ಬೀಳುತ್ತದೆ? ಇವತ್ತು ಬೆಂಬಲಿಸುವವರೂ, ವಿರೋಧಿಸುವವರೂ ಸರ್ಕಾರ ಬದಲಾದ ಮಾರನೇ ದಿನದ ಬಗ್ಗೆ ಯೋಚನೆ ಮಾಡಬೇಕು.

ಮತ್ತೆ, ಒಳ್ಳೆಯ ತೀರ್ಪು ಬಂದರೂ ಅದು ಠಾಣೆಯ ಬಾಗಿಲಿನ ಒಳಗೆ ಬರುವುದು ಬಹಳ ತಡ. ಇಂಟರ್ನೆಟ್ಟಿನಲ್ಲಿ ನೋಯಿಸುವ ಮಾತು ಬರೆದರೆ ಜೈಲು ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದು ಮಾಡಿತು. ಆದರೂ ದೇಶದ ಹಲವು ಕಡೆ ಅದೇ ಸತ್ತ ಕಲಮಿನಲ್ಲಿ ಕೇಸು ಹಾಕುತ್ತಲೇ ಇದ್ದರು, 2022ರ ಅಕ್ಟೋಬರಿನಲ್ಲಿ ಕೋರ್ಟು ಮತ್ತೆ ಆದೇಶ ಕೊಡಬೇಕಾಯಿತು. 2025ರ ಮಾರ್ಚ್ 28ರಂದು ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಇನ್ನೊಂದು ಒಳ್ಳೆಯ ಮಾತು ಬಂತು: ಮಾತು, ಬರಹದ ಮೇಲಿನ ದೂರಿನಲ್ಲಿ ಶಿಕ್ಷೆ ಮೂರರಿಂದ ಏಳು ವರ್ಷದ ಒಳಗಿನದಾದರೆ, ನೇರವಾಗಿ ಎಫ್‌ಐಆರ್ ಹಾಕದೆ ಮೊದಲು ಪ್ರಾಥಮಿಕ ವಿಚಾರಣೆ ಮಾಡುವುದೇ ಸರಿ, ಅದಕ್ಕೆ ಕಾನೂನಿನಲ್ಲಿ 14 ದಿನ ಉಂಟು ಅಂತ. ಇದನ್ನು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಪ್ರತಿ ಠಾಣೆಯ ಗೋಡೆಯಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು.

ಬರೆದು ಹಾಕಿದರೂ ಪಾಲಿಸದಿದ್ದರೆ? ನನ್ನ ಮುಖ್ಯ ತಕರಾರು ಇರುವುದೇ ಇಲ್ಲಿ. ನಮ್ಮ ತುಳುನಾಡಿನಲ್ಲಿ ಹಿಂದಿನಿಂದಲೂ ಒಂದು ಕ್ರಮ ಇದೆ. ಊರಿನಲ್ಲಿ ನ್ಯಾಯ ಸಿಗಲಿಲ್ಲ ಅಂತಾದರೆ ಕಾಸರಗೋಡಿನ ಕಾನತ್ತೂರಿಗೆ ಹೋಗಿ ನಾಲ್ವರ್ ದೈವಗಳ ಮುಂದೆ ದೂರು ಹೇಳುತ್ತಾರೆ. ಅಲ್ಲಿಂದ ಎದುರು ಪಕ್ಷದವರಿಗೆ ಕಾಗದ ಹೋಗುತ್ತದೆ, ಎಂಥ ದೊಡ್ಡವರಾದರೂ ಬಂದು ಉತ್ತರ ಹೇಳಬೇಕು. ಊರಿನ ಯಜಮಾನನ ಮೇಲಿನ ದೂರನ್ನು ಊರಿನ ಯಜಮಾನನೇ ಕೇಳಬಾರದು ಅನ್ನುವುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಬ್ರಿಟನ್ನಿಗೆ ಅಂಥ ಒಂದು ಬಾಗಿಲು ಉಂಟು, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ. ಸ್ವಂತ ದೇಶದ ಕೋರ್ಟುಗಳಲ್ಲಿ ಸೋತ ಮೇಲೂ ಸಾಮಾನ್ಯ ಮನುಷ್ಯ ಅಲ್ಲಿಗೆ ಹೋಗಬಹುದು. ಥಾಲಿಡೊಮೈಡ್ ಮಾತ್ರೆಯಿಂದ ಅಂಗವಿಕಲರಾಗಿ ಹುಟ್ಟಿದ ಮಕ್ಕಳ ಬಗ್ಗೆ ಸಂಡೇ ಟೈಮ್ಸ್ ಪತ್ರಿಕೆ ಬರೆಯಹೊರಟಾಗ, ನ್ಯಾಯಾಂಗ ನಿಂದನೆ ಅಂತ ಬ್ರಿಟಿಷ್ ಕೋರ್ಟುಗಳು ಲೇಖನವನ್ನು ತಡೆದವು. ಪತ್ರಿಕೆ ಸ್ಟ್ರಾಸ್‌ಬರ್ಗಿಗೆ ಹೋಯಿತು, 1979ರಲ್ಲಿ ಗೆದ್ದಿತು. ಬ್ರಿಟನ್ನು 1981ರಲ್ಲಿ ನ್ಯಾಯಾಂಗ ನಿಂದನೆಗೆ ಹೊಸ ಕಾಯ್ದೆಯನ್ನೇ ಮಾಡಬೇಕಾಯಿತು. ಪೊಲೀಸರ ಮೇಲಿನ ಗಂಭೀರ ದೂರು ನೋಡಲು ಪೊಲೀಸ್ ಇಲಾಖೆಯ ಹೊರಗೆ ಒಂದು ಸ್ವತಂತ್ರ ಕಚೇರಿಯೂ ಇದೆ. ಇಷ್ಟಿದ್ದೂ ಅಲ್ಲಿ ಎಲ್ಲ ಸರಿ ಇಲ್ಲ. 2025ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ, ನಿಷೇಧ ಆದ ಒಂದು ಸಂಘಟನೆಗೆ ಬೆಂಬಲ ಅಂತ ಬರೆದ ರಟ್ಟು ಹಿಡಿದು ಸುಮ್ನೆ ಕೂತಿದ್ದ 500ಕ್ಕೂ ಹೆಚ್ಚು ಜನರನ್ನು ಒಂದೇ ದಿನ ಬಂಧಿಸಿದರು, ಅವರಲ್ಲಿ ವಯಸ್ಸಾದವರೇ ಬಹಳ. ನೋಡಿ ಹೊಟ್ಟೆ ಉರಿಯಿತು. ಆದರೆ ಅದಕ್ಕೆ ಮೊದಲೇ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮುಖ್ಯಸ್ಥರು ಆ ನಿಷೇಧ ತಪ್ಪು ಅಂತ ಹೇಳಿದ್ದರು, ನಿಷೇಧದ ವಿಚಾರ ಹೈಕೋರ್ಟಿನಲ್ಲೂ ಇತ್ತು. ಅಂದರೆ, ಕೇಳುವವರು ಇದ್ದರು.

ನಮ್ಮ ಹುಡುಗನಿಗೆ ಎಂತ ಉಂಟು? ಕೇಸು ರದ್ದು ಮಾಡಿಸಲು ಹೈಕೋರ್ಟಿಗೆ ಹೋಗಬೇಕು. ಧಾರವಾಡ, ಕಲಬುರಗಿಯಲ್ಲಿ ಪೀಠ ಇದೆ, ಕರಾವಳಿಗೆ ಇಲ್ಲ. ಮಂಗಳೂರಿಗೆ ಪೀಠ ಬೇಕು ಅಂತ ಇಲ್ಲಿನ ವಕೀಲರು ಕೇಳುತ್ತಿರುವುದು ಸುಮ್ನೆ ಅಲ್ಲ. ಉಡುಪಿಯಿಂದ ಬೆಂಗಳೂರಿಗೆ 400 ಕಿಲೋಮೀಟರು, ಮಳೆಗಾಲದಲ್ಲಿ ಶಿರಾಡಿ ಘಾಟಿ ಯಾವಾಗ ಕುಸಿಯುತ್ತದೋ ಗೊತ್ತಿಲ್ಲ, ಮೇಲಿನಿಂದ ವಕೀಲರ ಫೀಸು. ರಾಜ್ಯ ಮಾನವ ಹಕ್ಕುಗಳ ಆಯೋಗವೂ ಬೆಂಗಳೂರಿನಲ್ಲೇ. ಅಲ್ಲಿಗೆ ಅಂಚೆಯಲ್ಲಿ ದೂರು ಕಳಿಸಬಹುದು, ವಕೀಲರೂ ಬೇಡ, ಘಟನೆ ಆಗಿ ಒಂದು ವರ್ಷದ ಒಳಗೆ ಕೊಡಬೇಕು ಅಷ್ಟೇ. ದಯವಿಟ್ಟು ಎಲ್ಲರೂ ಇದನ್ನು ಬಳಸಿ. ಆದರೆ 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲಿ ಆಯೋಗಕ್ಕೆ ಇರುವುದು ಶಿಫಾರಸು ಮಾಡುವ ಅಧಿಕಾರ, ಆದೇಶ ಮಾಡುವುದಲ್ಲ. ರಾಷ್ಟ್ರೀಯ ಆಯೋಗದ ತನಿಖೆಗೆ ಬರುವವರೂ ಪೊಲೀಸ್ ಅಧಿಕಾರಿಗಳೇ. ಈ ಕಾರಣವನ್ನೂ ಹಿಡಿದುಕೊಂಡು 2023 ಮತ್ತು 2024ರಲ್ಲಿ ಜಾಗತಿಕ ಮಾನವ ಹಕ್ಕು ಸಂಸ್ಥೆಗಳ ಒಕ್ಕೂಟ ಅದರ ಮಾನ್ಯತೆಯನ್ನು ಮುಂದೂಡಿತು. ಪ್ರತಿ ಜಿಲ್ಲೆಯಲ್ಲೂ ನಿವೃತ್ತ ಜಿಲ್ಲಾ ನ್ಯಾಯಾಧೀಶರ ಕೆಳಗೆ ಪೊಲೀಸ್ ದೂರು ಪ್ರಾಧಿಕಾರ ಮಾಡಿ ಅಂತ ಸುಪ್ರೀಂ ಕೋರ್ಟು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ಹೇಳಿದೆ. ನನ್ನ ಅಕ್ಕನ ಮನೆಯ ಬೀದಿಯಲ್ಲಿ ಅಂಥದ್ದೊಂದರ ಹೆಸರು ಕೇಳಿದವರೇ ಇಲ್ಲ.

1979ರಲ್ಲಿ ನಾವು ಸೇರಿದ ಆ ಒಪ್ಪಂದಕ್ಕೆ ಜೊತೆಯಲ್ಲೇ ಇನ್ನೊಂದು ಐಚ್ಛಿಕ ಪ್ರೋಟೋಕಾಲ್ ಇದೆ. ಅದಕ್ಕೆ ಸೇರಿದ ದೇಶದ ಯಾವ ಪ್ರಜೆಯಾದರೂ ತನ್ನ ದೇಶದ ಕೋರ್ಟುಗಳೆಲ್ಲ ಮುಗಿದ ಮೇಲೆ, 18 ತಜ್ಞರಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಡಬಹುದು. ಮಾನಹಾನಿಗೆ ಜೈಲು ಯಾವತ್ತೂ ಸರಿಯಾದ ಶಿಕ್ಷೆ ಅಲ್ಲ ಅಂತ 2011ರಲ್ಲಿ ಸ್ಪಷ್ಟವಾಗಿ ಹೇಳಿದ್ದು ಇದೇ ಸಮಿತಿ. ಅದು ಹೇಳಿದ್ದು ಕೋರ್ಟಿನ ಆದೇಶದ ಹಾಗೆ ಕಟ್ಟಿಹಾಕುವುದಿಲ್ಲ, ಆದರೆ ಸರ್ಕಾರ ಬರವಣಿಗೆಯಲ್ಲಿ ಉತ್ತರ ಕೊಡಬೇಕಾಗುತ್ತದೆ. ನೇಪಾಳ 1991ರಲ್ಲಿ ಸೇರಿದೆ, ಮಾಲ್ಡೀವ್ಸ್ 2006ರಲ್ಲಿ. ಬ್ರಿಟನ್ನು ಸೇರಿಲ್ಲ, ಆದರೆ ಅದಕ್ಕೆ ಸ್ಟ್ರಾಸ್‌ಬರ್ಗ್ ಇದೆ. ನಮಗೆ ಎರಡೂ ಇಲ್ಲ. ದಕ್ಷಿಣ ಕನ್ನಡ, ಉಡುಪಿ ಚಿಕ್ಕಮಗಳೂರು ಕ್ಷೇತ್ರಗಳ ನಮ್ಮ ಇಬ್ಬರು ಸಂಸದರೂ ಮುಂದಿನ ಅಧಿವೇಶನದಲ್ಲಿ ಈ ಪ್ರೋಟೋಕಾಲಿಗೆ ಭಾರತ ಯಾಕೆ ಸೇರಿಲ್ಲ ಅಂತ ಲಿಖಿತ ಉತ್ತರದ ಪ್ರಶ್ನೆ ಹಾಕಲಿ. ಅವರ ಕಚೇರಿಗೆ ನಾನು ಕಾಗದ ಬರೆದಿದ್ದೇನೆ, ಊರಿನಲ್ಲಿರುವ ನೀವೂ ಬರೆಯಿರಿ, ಮತ ಹಾಕುವವರ ಕಾಗದಕ್ಕೆ ಬೆಲೆ ಜಾಸ್ತಿ.